ಏಕಾದಶಿಯಂದು ಕೊಂಡ ಮರ

ಪದ್ಮನಾಭ ಭಟ್ಟರಿಗೆ ಹೆಣ್ಣು ನೋಡಲು ಹತ್ತು ನಿಮಿಷ ಸಾಕಾಗಿತ್ತು. ಸೌಟಿಗೆ ಮರ ನೋಡಲು ಅರ್ಧ ದಿನ ಬೇಕು. ಗಂಟಿದೆಯೇ, ಬಿರುಕಿದೆಯೇ, ಮೂಸಿದರೆ ಏನು ವಾಸನೆ. ಕೊನೆಗೆ ಚಕ್ಕೆಯೊಂದನ್ನು ಬಾಯಿಗೆ ಹಾಕಿ ಜಗಿಯಬೇಕು. “ಕಣ್ಣು ಸುಳ್ಳು ಹೇಳೀತು, ನಾಲಗೆ ಹೇಳ್ಲಿಕ್ಕಿಲ್ಲ” ಎನ್ನುತ್ತಿದ್ದರು. ಅಹಮದಾಬಾದಿನ ನವರಂಗಪುರದ ಉಡುಪಿ ಹೋಟೆಲಿನಲ್ಲಿ ಅವರು ಹನ್ನೊಂದು ವರ್ಷದಿಂದ ಅಡಿಗೆಭಟ್ಟರು. ಊರಲ್ಲಿದ್ದ ಹೆಂಡತಿ ರುಕ್ಮಿಣಿಗೆ ಅವರು ವರ್ಷಕ್ಕೆ ಹದಿನೈದು ದಿನದ ಗಂಡ.

೧೯೬೫ರಲ್ಲಿ ಧಣಿ ಶಂಕರನಾರಾಯಣ ರಾಯರು, ಕೊಯಾಲಿಯ ತೈಲ ಕಾರ್ಖಾನೆಯವರ ಹಸಿವನ್ನು ನಂಬಿ, ವಡೋದರದಲ್ಲಿ ಇನ್ನೊಂದು ಹೋಟೆಲು ಹಾಕಿದರು.

“ಅಲ್ಲಿ ಅಡಿಗೆಮನೆ ನಿಮ್ದೇ ಭಟ್ರೆ. ಹಿಂದೆ ಎರಡು ಕೋಣೆ ಉಂಟು, ಹೆಂಡ್ತಿಯನ್ನು ಕರ್ಕೊಂಡು ಬನ್ನಿ. ದ್ವಾದಶಿಗೆ ಪೂಜೆ. ಪಾಯಸ ಮಾತ್ರ ಚಂದ ಆಗ್ಬೇಕು.”

ನೈವೇದ್ಯದ ಪಾಯಸಕ್ಕೆ ಈರುಳ್ಳಿ ಸೋಂಕಿದ ಸೌಟಾಗದು. ಊರಿನಿಂದ ತಂದ ಹಲಸಿನ ಸೌಟುಗಳೆಲ್ಲ ಸಾಂಬಾರಿನಲ್ಲಿ ಕಪ್ಪಾಗಿದ್ದವು. ಪೂಜೆಯ ಹಿಂದಿನ ದಿನ ಭಟ್ಟರು ನವರಂಗಪುರದ ತಮ್ಮ ಮಾಮೂಲಿ ಮರದ ಅಂಗಡಿಗೆ ಹೋದರು. ಅಲ್ಲೊಂದು ತುಂಡು, ಹಲಸಿನಂತೆಯೇ ಹಳದಿ! ಭಟ್ಟರಿಗೆ ತವರು ಕಂಡಂತಾಯಿತು.

“ಏನು ಮಹಾರಾಜ್, ಇವತ್ತು ಮರ ತಿನ್ನೋದಿಲ್ವೇ?” ಅಂಗಡಿಯ ಸೇಠ್ ಹಿಂದಿಯಲ್ಲಿ ಕಿಚಾಯಿಸಿದ; ಅಲ್ಲಿ ಅಡಿಗೆಭಟ್ಟರೆಲ್ಲ ಮಹಾರಾಜರೇ.

“ಏಕಾದಶಿ. ಇವತ್ತು ನೀರೂ ಇಲ್ಲ.”

ಸಂಜೆಯೊಳಗೆ ಸೌಟು ಕೆತ್ತಿ, ರಾತ್ರಿಯ ರೈಲಿಗೆ ವಡೋದರಕ್ಕೆ ಹೋದರು. ಮರುದಿನ ಅದರಿಂದಲೇ ಬೆಲ್ಲದ ಪಾಯಸವನ್ನು ಒಂದು ಗಂಟೆ ತಿರುವಿದರು. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ, ನೋಡಲಿಲ್ಲ. ದೇವರು ಏನೂ ಹೇಳಲಿಲ್ಲ. ಮೊದಲ ತುತ್ತಿಗೆ ರಾಯರು ಹೇಳಿದರು:

“ಎಂತ ಮಾರಾಯ್ರೆ ಇದು? ಕಹಿ!”

ಕಾರ್ಖಾನೆಯ ಸಾಹೇಬರೊಬ್ಬರು ಎಲೆಯ ಮೂಲೆಯಲ್ಲಿ ಸಭ್ಯವಾಗಿ ಉಗುಳಿದರು. ಭಟ್ಟರು ಒಳಗೆ ಹೋಗಿ ಸೌಟಿನ ಹಿಡಿಯನ್ನು ಕಚ್ಚಿದರು. ಒಂದು ದಿನ ತಡವಾಗಿ ನಾಲಗೆ ನಿಜ ಹೇಳಿತು.

“ದೇವರಿಗೇ ಕಹಿ ಬಡಿಸಿದ್ರಿ. ಜನರನ್ನು ಹೇಗೆ ಒಪ್ಪಿಸ್ಲಿ ನಿಮ್ಗೆ?” ಎಂದರು ರಾಯರು.

“ಉಪವಾಸ ಇತ್ತಲ್ಲ ರಾಯ್ರೆ, ಜಗಿಲಿಕ್ಕೆ ಆಗ್ಲಿಲ್ಲ…”

“ನಿಮ್ಮ ಪುಣ್ಯ ನಿಮ್ಗೆ. ನಷ್ಟ ನನ್ಗೆ.”

ವಡೋದರದ ಅಡಿಗೆಮನೆ ರಾಯರ ಭಾವಮೈದ ವಾಸುದೇವನಿಗೆ ಹೋಯಿತು. ಅವನದು ಅಲ್ಯುಮಿನಿಯಂ ಸೌಟು. ಏಕಾದಶಿಗೆ ಎರಡು ಪ್ಲೇಟ್ ಉಪ್ಪಿಟ್ಟು. ಹಿಂದಿನ ಕೋಣೆಗಳಲ್ಲಿ ಅವನ ಹೆಂಡತಿ ಹಪ್ಪಳ ಒಣಗಿಸಿದಳು.

ಭಟ್ಟರು ನವರಂಗಪುರಕ್ಕೆ ಮರಳಿ, “ನಿನ್ನನ್ನು ಕರೆಸಿಕೊಳ್ಳಲು ಈ ವರ್ಷ ಆಗುವ ಹಾಗೆ ಕಾಣುವುದಿಲ್ಲ” ಎಂದು ರುಕ್ಮಿಣಿಗೆ ಕಾರ್ಡು ಬರೆದರು. ಕಾರಣ ಬರೆಯಲಿಲ್ಲ. ಸೌಟನ್ನು ಎಸೆಯಲೂ ಇಲ್ಲ, ಸಾಂಬಾರಿಗೆ ಇಟ್ಟುಕೊಂಡರು. ಹುಳಿ, ಖಾರ, ಈರುಳ್ಳಿಯ ನಡುವೆ ಅದರ ಕಹಿ ಯಾವ ಗಿರಾಕಿಗೂ ತಿಳಿಯಲಿಲ್ಲ.