ಗ್ವಾಡಿ ಮ್ಯಾಲಿನ ಗ್ರಾಫು

ಅಕ್ಕಿಆಲೂರಿನ ಬಸ್ ಸ್ಟ್ಯಾಂಡ್ ಹತ್ತಿರ ಮೃತ್ಯುಂಜಯನ ಕಂಪ್ಯೂಟರ್ ರಿಪೇರಿ ಅಂಗಡಿ. ಅಕ್ಕಿ ಗಿರಣಿಗಳ ಪ್ರಿಂಟರುಗಳು ತೌಡಿನ ಧೂಳು ತುಂಬಿಕೊಂಡು ಅವನಲ್ಲಿಗೆ ಬರುತ್ತವೆ. ಬಿಚ್ಚಿ, ಊದಿ, ಒರೆಸಿ ಕಳಿಸುತ್ತಾನೆ. ಅವನ ಹೆಂಡತಿ ಶಿವಲೀಲಾ ಹಾನಗಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. 'ಲೀಲಾ ಮೇಡಮ್ಮಾರ ಯಜಮಾನ್ರು' ಅಂದರೆ ಎಲ್ಲರಿಗೂ ಗೊತ್ತು. ಹಾಗೆ ಕರೆಸಿಕೊಳ್ಳುವುದೆಂದರೆ ಅವನಿಗೂ ಹಿಗ್ಗು.

ಶಿವಲೀಲಾಳ ಹತ್ತಿರ ಒಂದು ಗ್ರಾಫ್ ಕ್ಯಾಲ್ಕ್ಯುಲೇಟರ್ ಇತ್ತು. ಧಾರವಾಡದಲ್ಲಿ ಅವಳಿಗೆ ಎಂ.ಎಸ್ಸಿ. ಕಲಿಸಿದ ಪ್ರಿಯಂವದಾ ಮೇಡಂ ನಿವೃತ್ತರಾಗುವಾಗ ಕೊಟ್ಟದ್ದು. ಸಮೀಕರಣ ಬರೆದು ಗುಂಡಿ ಒತ್ತಿದರೆ ಸಾಕು, ಪುಟ್ಟ ಪರದೆಯ ಮೇಲೆ ಅದರ ಗೆರೆ ತಾನಾಗಿ ಮೂಡುತ್ತಿತ್ತು. ಆ ಗೆರೆ ಮೂಡುವುದನ್ನು ನೋಡುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಅಡುಗೆಮನೆಯಲ್ಲೂ ಒಮ್ಮೊಮ್ಮೆ ಅದನ್ನು ಹಿಡಿದು ಓಡಿಬಂದು, "ರೀ, ಇದರ ನಡಾ ಹೆಂಗ ಬಾಗೇತಿ ನೋಡ್ರಿ" ಎಂದು ತೋರಿಸುತ್ತಿದ್ದಳು. ಅವನಿಗೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ. ಅವಳ ಮುಖ ನೋಡಿ ಹೂಂ ಅನ್ನುತ್ತಿದ್ದ.

ಅವಳಿಗೆ ನಲವತ್ತೆರಡು ದಾಟಿದ ಮೇಲೆ ಕಣ್ಣಿನ ನಟ್ಟನಡುವೆ ಮಸುಕು ಕವಿಯತೊಡಗಿತು. ಬಸ್ಸಿನ ಬೋರ್ಡು ಕಾಣದು, ಎದುರಿಗೆ ಬಂದವರ ಮೂಗು-ಬಾಯಿ ಕಾಣದು. ಹುಬ್ಬಳ್ಳಿಯ ಡಾಕ್ಟರು ತಪಾಸಣೆ ಮಾಡಿ, ಕಣ್ಣಿನ ಒಳಪದರ ಸವೆಯುತ್ತಿದೆ, ಹುಟ್ಟಿನಿಂದ ಬಂದದ್ದು, ಇದಕ್ಕೆ ಔಷಧ ಇಲ್ಲ ಎಂದರು. "ದೊಡ್ಡದಾಗಿ, ಕಪ್ಪಿನ ಮೇಲೆ ಹಳದಿಯಾಗಿ ಇದ್ದರೆ ಇನ್ನೂ ಕೆಲವು ಕಾಲ ಕಾಣಬಹುದು" ಅಂತಷ್ಟೇ ಹೇಳಿದರು.

ಬರುವಾಗ ಬಸ್ಸು ಶಿಗ್ಗಾಂವಿ ದಾಟಿದ ಮೇಲೆ ಶಿವಲೀಲಾ ಕೇಳಿದಳು: "ಗ್ರಾಫು ಕಾಣಲಾರದ ನಾ ಏನ್ ಕಲಸ್ಲಿ?"

"ಕಂಪ್ಯೂಟರಿನಾಗ ಗ್ರಾಫ್ ತೆಗಿಯೋ ಸಾಫ್ಟ್‌ವೇರ್ ಅದಾವಲ್ಲ."

"ಮೌಸಿನ ಬಾಣ ಹುಡುಕೂದ್ರಾಗ ಪಿರಿಯಡ್ ಮುಗೀತೈತ್ರಿ. ಈ ಕ್ಯಾಲ್ಕ್ಯುಲೇಟರಿನ ಗುಂಡಿ ಆದ್ರ ನನ್ನ ಬೆರಳಿಗೆ ಗೊತ್ತು."

ಮೃತ್ಯುಂಜಯ ಆ ಮಾತನ್ನೇ ಹಿಡಿದ. ಕ್ಯಾಲ್ಕ್ಯುಲೇಟರನ್ನು ಕಂಪ್ಯೂಟರಿಗೆ ಜೋಡಿಸಿದರೆ? ಅವಳು ನೋಡದೆಯೇ ಗುಂಡಿ ಒತ್ತುತ್ತಾಳೆ, ಪುಟ್ಟ ಪರದೆಯ ಮೇಲಿನ ಗೆರೆ ಪ್ರೊಜೆಕ್ಟರಿನಿಂದ ಗೋಡೆಯ ತುಂಬ ಬೀಳುತ್ತದೆ, ಕಪ್ಪಿನ ಮೇಲೆ ಹಳದಿಯಾಗಿ. ಅವಳಿಗೂ ಕಾಣುತ್ತದೆ, ಹುಡುಗರಿಗೂ ಕಾಣುತ್ತದೆ.

ಹೇಳಿದಷ್ಟು ಸುಲಭವಿರಲಿಲ್ಲ. ಅದು ಹಳೆಯ ಕ್ಯಾಲ್ಕ್ಯುಲೇಟರ್. ಅದರ ಕೇಬಲ್ಲೂ ಸಿಗುವುದಿಲ್ಲ, ಈಗಿನ ಕಂಪ್ಯೂಟರಿಗೆ ಹೊಂದುವ ಸಾಫ್ಟ್‌ವೇರೂ ಇಲ್ಲ. ಅವನು ಇಯರ್‌ಫೋನಿನ ಪಿನ್ನೊಂದನ್ನು ಕತ್ತರಿಸಿ ಬೆಸುಗೆ ಹಾಕಿ ಕೇಬಲ್ ಮಾಡಿದ. ನಡುವೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಇಟ್ಟ. ಪ್ರೋಗ್ರಾಂ ಬರೆಯುವುದನ್ನು ಕಾಲೇಜು ಬಿಟ್ಟ ಮೇಲೆ ಮರೆತಿದ್ದ. ಅದನ್ನು ಮತ್ತೆ ಮೊದಲಿನಿಂದ ಕಲಿತ. ಕ್ಯಾಲ್ಕ್ಯುಲೇಟರ್ ಒಂದೊಂದು ಚುಕ್ಕೆಯ ಸುದ್ದಿ ಕಳಿಸಿದಾಗಲೂ ಕಂಪ್ಯೂಟರು ಮುಟ್ಟಿತು ಅಂತ ತಿರುಗಿ ಹೇಳಬೇಕು. ಹೇಳದಿದ್ದರೆ ಅದು ಮುಂದಿನದನ್ನು ಕಳಿಸದೆ ಸುಮ್ಮನೆ ಕೂತುಬಿಡುತ್ತದೆ. ಅಂಗಡಿಗೆ ಗಿರಾಕಿ ಬಂದು ನಿಂತಿದ್ದರೂ ಮೃತ್ಯುಂಜಯ ತಲೆ ಎತ್ತುತ್ತಿರಲಿಲ್ಲ.

ಶ್ರಾವಣದಲ್ಲಿ ಮೊದಲ ಚಿತ್ರ ಬಂತು. ಆದರೆ ಒಡೆದ ಚಿತ್ರ. ಎಂಟೆಂಟು ಚುಕ್ಕೆಯ ತುಂಡುಗಳು ಒಂದೊಂದೂ ಹಿಂದುಮುಂದಾಗಿ ಕೂತಿದ್ದವು. ಮನೆಗೆ ಬಂದು ಹೇಳಿದ.

"ಹೆಂಗೈತೋ ಹಂಗ ತೋರಸ್ರಿ. ನೋಡ್ತೇನಿ" ಅಂದಳು ಶಿವಲೀಲಾ.

"ತಡಿ ಲೀಲಾ, ಪೂರ್ತಿ ಚೆಂದ ಮಾಡಿ ತೋರಸ್ತೇನಿ. ಒಡಕ ಚಿತ್ರಾ ಏನ್ ನೋಡ್ತಿ?"

ತುಂಡುಗಳನ್ನು ಸರಿಮಾಡಿದ. ಆಮೇಲೆ ಗೆರೆ ದಪ್ಪ ಮಾಡಿದ, ಬಣ್ಣ ತಿದ್ದಿದ, ಅಂಕಿಗಳನ್ನು ದೊಡ್ಡದು ಮಾಡಿದ. ದಿನಾ ಊಟಕ್ಕೆ ಕೂತಾಗ ಅದೇ ಮಾತು. ಅವಳೂ ಅಷ್ಟೇ ಆಸ್ಥೆಯಿಂದ ಕೇಳುತ್ತಿದ್ದಳು. ಪ್ರಶ್ನೆ ಕೇಳುತ್ತಿದ್ದಳು, ನಗುತ್ತಿದ್ದಳು. ಬೆಳಿಗ್ಗೆ ರಮೀಜಾ ಬಂದು ಕರೆದೊಯ್ಯುತ್ತಿದ್ದಳು. ರಮೀಜಾ ಅದೇ ಕಾಲೇಜಿನ ಹಿಂದಿ ಲೆಕ್ಚರರ್, ಪಕ್ಕದ ಓಣಿಯವಳು. ಇಬ್ಬರೂ ಕೈ ಕೈ ಹಿಡಿದು ಹೋಗುವುದನ್ನು ಅಂಗಡಿಯಿಂದ ನೋಡಿ, ಎಂಥಾ ಗೆಳೆತನ ಅಂದುಕೊಳ್ಳುತ್ತಿದ್ದ.

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಪ್ರೊಜೆಕ್ಟರನ್ನು ಕಾಲೇಜಿನಿಂದ ಕೇಳಿ ತಂದಿದ್ದ. ಪಡಸಾಲೆಯ ಕಿಟಕಿಗೆ ಚಾದರ ಕಟ್ಟಿದ. ಶಿವಲೀಲಾ ಇಳಕಲ್ ಸೀರೆ ಉಟ್ಟು, ಕ್ಲಾಸಿಗೆ ಹೊರಟವಳ ಹಾಗೆ ಬಂದು ಕುರ್ಚಿಯ ಮೇಲೆ ಕೂತಳು. ಕ್ಯಾಲ್ಕ್ಯುಲೇಟರ್ ತೊಡೆಯ ಮೇಲಿತ್ತು.

"ಪ್ಯಾರಾಬೋಲಾ ತೆಗೀತೇನಿ. ಬಟ್ಟಲಿನಂಗ ಮ್ಯಾಲಕ್ಕ ಬಾಯಿ ತಗದು ನಿಂದರ್ತೈತಿ, ನೋಡ್ರಿ" ಎಂದು ಸರಸರ ಗುಂಡಿ ಒತ್ತಿದಳು.

ಗೋಡೆಯ ಮೇಲೆ ಏನೂ ಬರಲಿಲ್ಲ. ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಬರೀ ಕಪ್ಪು ಚೌಕ. ಮೃತ್ಯುಂಜಯ ಕೀಬೋರ್ಡಿನ ಮೇಲೆ ಬಗ್ಗಿ, ಒಂದ್ನಿಮಿಷ ತಡಿ ಎನ್ನುವಷ್ಟರಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ, "ಅಬಾಬಾಬಾ! ಎಷ್ಟ್ ಚೆಂದ ಬಂದೈತ್ರಿ! ಹಳದಿ ಅಂತೂ ಕಣ್ಣಿಗೆ ಹೊಡದಂಗ ಕಾಣಸಾಕತ್ತೈತಿ" ಅಂದಳು.

ಅವನ ಕೈ ಅಲ್ಲೇ ನಿಂತಿತು. ಕಪ್ಪು ಚೌಕವನ್ನು ನೋಡಿದ. ಅವಳನ್ನು ನೋಡಿದ. ಅವಳು ನಗುತ್ತಲೇ ಇದ್ದಳು.

"ಬಟ್ಟಲಿನ ತಳಾ ನೋಡ್ರಿ, ಎಷ್ಟ್ ನುಣ್ಣಗ ಐತಿ" ಅಂದಳು ಮತ್ತೆ.

"ಹೂಂ" ಅಂದ ಮೃತ್ಯುಂಜಯ.

ಎದ್ದು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡ. ನೀರು ಸುರಿಯುತ್ತಲೇ ಇತ್ತು. ತಿರುಗಿ ನೋಡಿದರೆ ಶಿವಲೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬಂದಿರಲಿಲ್ಲೇನು?" ಕೇಳಿದಳು.

"ಇಲ್ಲ."

ಅವಳು ಹೊಸ್ತಿಲ ಮೇಲೆ ಕೂತಳು.

"ಯಾವಾಗಿಂದ ಲೀಲಾ?"

"ದೀಪಾವಳಿ ಮುಂದ. ಈಗ ಬೆಳಕು, ನೆರಳು ಅಷ್ಟ ತಿಳಿತೈತಿ. ರಮೀಜಾಗ ಗೊತ್ತು. ಅಕೀನ ಕ್ಲಾಸಿನ ಬಾಗಿಲತನಾ ಬಿಡ್ತಾಳ."

"ನನಗ ಹೇಳಬಾರದಿತ್ತಾ?"

"ದಿನಾ ಊಟಕ್ಕ ಕುಂತಾಗ ಅಷ್ಟ್ ಹಿಗ್ಗಿನಿಂದ ಹೇಳ್ತಿದ್ರಿ. ಹೆಂಗ ಹೇಳ್ಲಿ? ಹೇಳಿದ ದಿನಾನ ನೀವು ಕೈ ಬಿಡತಿದ್ರಿ."

ಶ್ರಾವಣದಲ್ಲಿ ಆ ಒಡಕು ಚಿತ್ರವನ್ನೇ ತೋರಿಸಿದ್ದರೆ ಅವಳು ನೋಡುತ್ತಿದ್ದಳು. ಅವಳ ಪಕ್ಕ ಕೂತು ತಲೆ ಮೇಲೆ ಕೈ ಹೊತ್ತುಕೊಂಡ. ಅವಳು ತಡವಿ ಅವನ ಭುಜ ಹುಡುಕಿದಳು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಮರುದಿನ ಅವನು ಅಂಗಡಿ ತೆರೆಯಲಿಲ್ಲ. ಪ್ರೋಗ್ರಾಂ ಎಲ್ಲಿ ಸಿಕ್ಕಿಕೊಂಡಿತ್ತೋ ಹುಡುಕಿ ಸರಿಮಾಡಿದ. ಚಿತ್ರ ಗೋಡೆಗೆ ಮುಟ್ಟಿದ ಕೂಡಲೇ ಕಂಪ್ಯೂಟರು 'ಬಂತು' ಎಂದು ಬಾಯಿ ಬಿಟ್ಟು ಹೇಳುವಂತೆ ಮಾಡಿದ. ಶಿವಲೀಲಾ ಅದನ್ನು ಕ್ಲಾಸಿಗೆ ಒಯ್ದಳು. ಅವಳು ಗುಂಡಿ ಒತ್ತುವಳು, 'ಬಂತು' ಅನ್ನುವುದು ಕೇಳಿಸುವುದು, ಆಮೇಲೆ ಪಾಠ.

ಫೆಬ್ರುವರಿಯಲ್ಲಿ ಕೇಬಲ್ಲಿನ ಬೆಸುಗೆ ಬಿಟ್ಟಿತೆಂದು ಅವನು ಹಾನಗಲ್ಲಿಗೆ ಹೋದ. ಸರಿಮಾಡಿ ಕೊಟ್ಟು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತ. ಗೋಡೆಯ ಮೇಲೆ ಹಳದಿ ಗೆರೆ ದೊಡ್ಡದಾಗಿ, ಸ್ಪಷ್ಟವಾಗಿ ಬಂತು. ಶಿವಲೀಲಾ ಕೈ ಚಾಚಿ, "ಇಲ್ಲಿ ನೋಡ್ರಿ, ಇದು ಇದರ ತಳ" ಅಂದಳು. ಹುಡುಗರು ಅವಳು ಕೈ ತೋರಿಸಿದ ಜಾಗ ಬಿಟ್ಟು ಗೆರೆಯ ತಳವನ್ನೇ ನೋಡಿ ಬರೆದುಕೊಂಡರು. ಯಾರೂ ನಗಲಿಲ್ಲ, ಯಾರೂ ತಿದ್ದಲಿಲ್ಲ.

ಸಂಜೆ ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು: "ನಾ ಕೈ ತೋರಿಸಿದ್ದು ಸರಿ ಇತ್ತೇನ್ರಿ?"

"ಇರಲಿಲ್ಲ ಲೀಲಾ. ಒಂದ್ ಗೇಣು ತಪ್ಪಿತ್ತು."

"ಎಡಕ್ಕೋ, ಬಲಕ್ಕೋ?"

"ಎಡಕ್ಕ."

ಅವಳು ಬಲಗೈ ಎತ್ತಿ ಗಾಳಿಯಲ್ಲಿ ಒಂದು ಗೇಣು ಬಲಕ್ಕೆ ಸರಿಸಿದಳು. ಅಲ್ಲೇ ಹಿಡಿದುಕೊಂಡಳು. ಹುಬ್ಬಳ್ಳಿಯ ಡಾಕ್ಟರು ಹೇಳಿದಾಗಲೂ ಅಳದವಳು, ಆ ಭಾನುವಾರವೂ ಅಳದವಳು, ಅಕ್ಕಿಆಲೂರಿನ ಬಸ್ಸು ಬಂದು ಹೋದರೂ ಅವನ ಎದೆಗೆ ಮುಖ ಒತ್ತಿಕೊಂಡು ಅಳುತ್ತಲೇ ಇದ್ದಳು.