ತವರಿನ ಜೆರ್ಸಿ

ಕಲ್ಯಾಣಪುರ ತಂಡ ಈ ವರ್ಷ ನೋರಾ ಅವರಿಗೆ ಕೊಡಲು ತೀರ್ಮಾನಿಸಿದ್ದು ಒಂದು ಕುರ್ಚಿ. ಅದನ್ನು ತಿಳಿಸುವ ಕೆಲಸ ಗಂಡ ಆಸ್ವಾಲ್ಡ್ ಅವರ ಪಾಲಿಗೆ ಬಂತು. ತಂಡದ ಮ್ಯಾನೇಜರ್ ಅವರೇ. ಲಂಡನ್ನಿನ ಫೆಲ್ಥಮ್‌ನ ಮನೆಯಲ್ಲಿ ನೋರಾ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಾಗ ಅವರು ಅಡುಗೆಮನೆಯ ಬಾಗಿಲಲ್ಲೇ ನಿಂತು ವಿಷಯ ಹೇಳಿದರು. ಥ್ರೋಬಾಲ್ ಕೋರ್ಟಿನ ಪಕ್ಕ ಕುರ್ಚಿ ಹಾಕುತ್ತಾರೆ. ನೋರಾ ಇನ್ನು ಆಟಗಾರ್ತಿಯಲ್ಲ, ಸಲಹೆಗಾರ್ತಿ.

"ಕೂತು ಎಂತ ಮಾಡುದು?" ನೋರಾ ಕೇಳಿದರು.

"ಸಲಹೆ ಕೊಡುದು. ಮತ್ತೆ ಬ್ರೇಕಿನಲ್ಲಿ ಎಲ್ಲರಿಗೂ ಕಿತ್ತಳೆ ಕೊಡುದು. ಮರ್ಯಾದೆಯ ಜಾಗ ಅದು."

"ಅಷ್ಟು ಮರ್ಯಾದೆ ಇದ್ರೆ ನೀನೇ ಕೂತ್ಕೋ."

ಮೀನು ಕಾಯಿಸಿ, ಬಡಿಸಿ, ಕೈ ತೊಳೆದು ಬಂದ ಮೇಲೆ ನೋರಾ ಫೋನ್ ತೆಗೆದುಕೊಂಡರು. ಕರೆ ಮಾಡಿದ್ದು ಶಿರ್ವ ತಂಡದ ನಾಯಕಿ ಲವಿಟಾಗೆ.

ನೋರಾಗೆ ಈಗ ಐವತ್ತೆರಡು. ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ಕೆಲಸ. ಪಾಳಿ ಮುಗಿಯುವವರೆಗೂ ನಿಂತೇ ಇರಬೇಕು. ಮೊಣಕಾಲು ಸವೆದದ್ದು ಅಲ್ಲಿ. ಅವರು ಹುಟ್ಟಿದ್ದು ಶಿರ್ವದಲ್ಲಿ, ಚೆಂಡು ಹಿಡಿಯಲು ಕಲಿತದ್ದು ಅಲ್ಲಿಯ ಶಾಲೆಯ ಮೈದಾನದಲ್ಲಿ. ಮದುವೆಯಾಗಿ ಹೋದದ್ದು ಕಲ್ಯಾಣಪುರಕ್ಕೆ. ಲಂಡನ್ನಿನಲ್ಲಿ ನೆಲೆಸಿದ ಕರಾವಳಿಯ ಊರುಗಳವರು ಪ್ರತಿ ಬೇಸಿಗೆಯಲ್ಲಿ ನಡೆಸುವ ಪಂದ್ಯಾಟದಲ್ಲಿ ತಂಡಗಳು ಊರಿನ ಹೆಸರಿನಲ್ಲೇ ಇಳಿಯುತ್ತವೆ. ಗಂಡಸಿಗೆ ಹುಟ್ಟಿದ ಊರು, ಮದುವೆಯಾದ ಹೆಂಗಸಿಗೆ ಗಂಡನ ಊರು. ಈ ನಿಯಮ ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೆ ಮುರಿದವರೂ ಇಲ್ಲ. ಹಾಗಾಗಿ ನೋರಾ ಹದಿನೆಂಟು ವರ್ಷ ಕಲ್ಯಾಣಪುರದ ಜೆರ್ಸಿ ತೊಟ್ಟು ತಾವು ಹುಟ್ಟಿದ ಊರನ್ನೇ ಸೋಲಿಸುತ್ತ ಬಂದರು.

ಥ್ರೋಬಾಲಿನಲ್ಲಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ತಡಮಾಡದೆ ಒಂದೇ ಕೈಯಲ್ಲಿ ನೆಟ್ಟಿನಾಚೆ ಎಸೆಯಬೇಕು. ನೋರಾ ಜೋರಾಗಿ ಎಸೆಯುವವರಲ್ಲ. ಎದುರಿನವರಲ್ಲಿ ಯಾರು ಹಿಮ್ಮಡಿಯ ಮೇಲೆ ಭಾರ ಬಿಟ್ಟಿದ್ದಾರೆಂದು ನೋಡಿ, ಅವರ ಮುಂದೆ ಚೆಂಡು ಬೀಳಿಸುವವರು. ಶಿರ್ವದವರ ಅಭ್ಯಾಸವೆಲ್ಲ ವರ್ಷಗಟ್ಟಲೆ ನಡೆದದ್ದು ಈ ಒಂದು ಕೈಗಾಗಿ. ಈಗ ಆ ಕೈಯೇ ತಮ್ಮ ಬಾಗಿಲಿಗೆ ಬಂದಿತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಚಹಾ ಕುಡಿಯುತ್ತ ತಂಡ ಸೇರಿತು. ಕೊಂಕಣಿಯ ಮನೆಗಳವರೂ ತುಳುವಿನ ಮನೆಗಳವರೂ ಇದ್ದುದರಿಂದ ಮಾತು ಕನ್ನಡದಲ್ಲಿ ನಡೆಯಿತು. ನೋರಾ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು.

ಮೊದಲು ಬಾಯಿಬಿಟ್ಟವರು ನೆಟ್ಟಿನ ಬಳಿ ಆಡುವ ಪ್ರಿಯಾಂಕಾ. "ನೇರ ಹೇಳ್ತೇನೆ. ಅವರು ಬಂದ್ರೆ ಹೋಗುದು ನನ್ನ ಜಾಗ. ಅದಕ್ಕೇ ಬೇಡ ಅಂತಾಳೆ ಅಂದ್ಕೊಳ್ಳಿ, ನಂಗೆ ಬೇಜಾರಿಲ್ಲ. ಆದ್ರೆ ಆ ಕಾಲನ್ನೂ ನೋಡಿ. ಅವರ ಬಲಕ್ಕೆ ಚೆಂಡು ಬಂದ್ರೆ ಹಿಡಿಯುವವರು ಯಾರು?"

"ಕೈ ಇನ್ನೂ ಹೋಗ್ಲಿಲ್ಲ," ಎಂದರು ಲವಿಟಾ. "ನಂಗೆ ಹೆದರಿಕೆ ಇರುದು ಬೇರೆ. ಕಲ್ಯಾಣಪುರಕ್ಕೆ ಕೊಟ್ಟ ಹೆಣ್ಣು ಅಂತ ಅವರು ತಕರಾರು ತೆಗೆದ್ರೆ? ಇಡೀ ತಂಡವನ್ನೇ ಹೊರಗೆ ಹಾಕಿಯಾರು."

ತಂಡದ ಹಿರಿಯ ಆಟಗಾರ್ತಿ ಜೇನ್ ತಮ್ಮ ಕಿರುಬೆರಳನ್ನು ಮೇಜಿನ ಮೇಲಿಟ್ಟರು. ಅದು ಸೊಟ್ಟಗಿತ್ತು. "ಇದು ನೋರಾಳ ಕೆಲಸ. ಮುಂದೆ ಬಿದ್ದ ಚೆಂಡಿಗೆ ಹಾರಿ ನೆಲಕ್ಕೆ ಬಡಿದದ್ದು. ಜಿಪಿ ಡಾಕ್ಟರ್ ನೋಡಿ ಕ್ರಿಕೆಟಾ ಅಂತ ಕೇಳಿದ."

"ಹಾಗಾದ್ರೆ ನೀವೂ ಬೇಡ ಅಂತೀರಾ ಆಂಟಿ?" ಲವಿಟಾ ಕೇಳಿದರು.

"ಬೇಕು ಅಂತೇನೆ. ಒಮ್ಮೆ ಆ ಚೆಂಡಿಗೆ ಬೇರೆಯವರು ಹಾರಲಿ."

ನಗು ಇನ್ನೂ ಮುಗಿದಿರಲಿಲ್ಲ, ನೋರಾ ಒಳಗೆ ಬಂದರು. ಕಾರಿನಲ್ಲಿ ಕೂತು ಕಾಲು ಹಿಡಿದುಕೊಂಡಿತ್ತು. ಲವಿಟಾ ಎದ್ದುನಿಂತು, ಆದಷ್ಟು ಮೆತ್ತಗೆ, ಮುಂದಿನ ವಾರ ಒಂದು ಟ್ರಯಲ್ ನೋಡೋಣವೇ ಎಂದು ಕೇಳಿದರು.

"ಟ್ರಯಲ್ ಎಂತ ಮಾರಾಯ್ತಿ? ಹದಿನೆಂಟು ವರ್ಷ ಕಂಡದ್ದು ಸಾಕಾಗ್ಲಿಲ್ವಾ?"

"ಹಾಗಾದ್ರೆ ಸಬ್‌ಸ್ಟಿಟ್ಯೂಟ್ ಆಗಿ ಬನ್ನಿ ಆಂಟಿ. ಕೊನೆಗೆ ಇಳಿಸ್ತೇವೆ."

"ಅಲ್ಲಿಯೂ ಕುರ್ಚಿ, ಇಲ್ಲಿಯೂ ಕುರ್ಚಿ. ಕೂರ್ಲಿಕ್ಕೆ ನನ್ನ ಮನೆಯಲ್ಲಿ ಸೋಫಾ ಉಂಟು. ಆಡಿಸುದಾದ್ರೆ ಮೊದಲ ಚೆಂಡಿನಿಂದ ಆಡಿಸು. ಇಲ್ಲದಿದ್ರೆ ಚಹಾ ಕುಡಿದು ಹೋಗ್ತೇನೆ."

ಪ್ರಿಯಾಂಕಾ ಕೇಳಿದರು, "ನನ್ನ ಜಾಗ ಕೇಳ್ತಾ ಇದ್ದೀರಾ ನೋರಾಕ್ಕ?"

"ನಿನ್ನ ಜಾಗದಲ್ಲಿ ಹಾರ್ಬೇಕು. ನಂಗೆ ಆಗುದಿಲ್ಲ, ಅದು ನಿನ್ನದೇ. ನಂಗೆ ಹಿಂದಿನ ಎಡಮೂಲೆ ಸಾಕು. ಬಲಕ್ಕೆ ಜೇನ್ ನಿಲ್ಲಲಿ. ಅವಳಿಗೆ ಓಡಿ ಅಭ್ಯಾಸ ಉಂಟು. ಓಡಿಸಿದ್ದು ನಾನೇ ಅಲ್ವಾ?"

ಹಿಂದಿನ ಎಡಮೂಲೆಯಲ್ಲಿ ಆಡುತ್ತಿದ್ದವಳು ಬಾಣಂತಿ. ಆ ಜಾಗ ಖಾಲಿಯಿತ್ತು. ಅಲ್ಲಿಗೆ ಯಾರನ್ನು ಹಾಕುವುದೆಂದು ಲವಿಟಾ ವಾರಗಟ್ಟಲೆ ತಲೆಕೆಡಿಸಿಕೊಂಡಿದ್ದರು. ಅವರು ಪ್ರಿಯಾಂಕಾ ಮುಖ ನೋಡಿದರು. ಪ್ರಿಯಾಂಕಾ ಭುಜ ಕುಣಿಸಿ, ಚೀಲದಿಂದ ಒಂದು ಹೊಸ ಜೆರ್ಸಿ ತೆಗೆದು ಮೇಜಿನ ಆಚೆ ತಳ್ಳಿದರು. "ಸೈಜ್ ಸಣ್ಣದಾಗ್ಬಹುದು."

"ಹೊಲಿಗೆ ಬಿಚ್ಚಿ ಹಾಕ್ತೇನೆ," ಎಂದರು ನೋರಾ.

ಪಂದ್ಯದ ಬೆಳಿಗ್ಗೆ ಕಲ್ಯಾಣಪುರದ ಆಟಗಾರ್ತಿಯರು ತಕರಾರು ತೆಗೆದೇ ತೆಗೆದರು. ಪಂದ್ಯಾಟ ನಡೆಸುವ ಎಡ್ಸನ್ ಕೊರಳಲ್ಲಿ ಸೀಟಿ ತೂಗಿಸಿಕೊಂಡು ಕೋರ್ಟಿನ ಮಧ್ಯಕ್ಕೆ ಬಂದರು. "ನೋರಾ, ನೀವು ಕಲ್ಯಾಣಪುರದ ಸೊಸೆ. ಪದ್ಧತಿ ಅಂತ ಒಂದು ಉಂಟಲ್ಲ."

"ಮದುವೆ ಆದದ್ದು ಇಬ್ರು. ಊರು ಬದಲಾಗುದು ಒಬ್ಬಳಿಗೆ ಮಾತ್ರವಾ?"

"ಇಷ್ಟು ವರ್ಷ ನೀವೇ ಆಡಿದ್ದಲ್ವಾ ಅವರಿಗೆ?"

"ಇಷ್ಟು ವರ್ಷ ಆಡಿಸಿದ್ರು, ಆಡಿದೆ. ಈಗ ಅವರಿಗೆ ನಾನು ಬೇಡ. ಬೇಡದವಳ ಮೇಲೆ ಹಕ್ಕು ಯಾವುದು?"

ಹಿಂದೆ ಬೆಂಚಿನ ಮೇಲಿದ್ದ ಹೆಂಗಸರು ಇತ್ತ ತಿರುಗಿದರು. ಅವರಲ್ಲಿ ಬಹುಪಾಲು ಯಾವುದೋ ಊರಿಂದ ಬಂದು ಇನ್ಯಾವುದೋ ಊರಿನ ಜೆರ್ಸಿ ತೊಟ್ಟವರೇ. ಎಡ್ಸನ್ ಅತ್ತ ನೋಡಿದರು, ಆಮೇಲೆ ಆಸ್ವಾಲ್ಡ್ ಕಡೆ ತಿರುಗಿದರು. "ಮ್ಯಾನೇಜರ್ ನೀವು. ತಕರಾರು ಉಂಟಾ, ಇಲ್ವಾ?"

ಆಸ್ವಾಲ್ಡ್ ಹೆಂಡತಿಯನ್ನು ನೋಡಿದರು. ಜೆರ್ಸಿಯ ಬಗಲಲ್ಲಿ ಬೇರೆ ಬಣ್ಣದ ಬಟ್ಟೆಯ ತುಂಡು ಸೇರಿಸಿ ಹೊಲಿದಿತ್ತು. ಹೊಲಿಗೆಯಂತ್ರವನ್ನು ಅಟ್ಟದಿಂದ ಇಳಿಸಿಕೊಟ್ಟವರು ಅವರೇ. ಯಾವುದಕ್ಕೆಂದು ಆಗ ಕೇಳಿರಲಿಲ್ಲ.

"ಅವಳು ಶಿರ್ವದವಳೇ," ಎಂದರು. "ಮನೆಯಲ್ಲಿ ದಿನಾ ಕೇಳ್ತೇನಲ್ಲ. ಆಡಲಿ. ಸೋತ ಮೇಲೆ ಕಾಲು ನೋವು ಅಂತ ಹೇಳುದು ಬೇಡ."

"ನೋಡುವ," ಎಂದರು ನೋರಾ.

ಕಲ್ಯಾಣಪುರದ ಮೊದಲ ಚೆಂಡು ನೋರಾ ಅವರ ಬಲಕ್ಕೇ ಬಂತು. ಜೇನ್ ಓಡಿ ಹಿಡಿದರು. ಎರಡನೆಯದೂ ಅಲ್ಲಿಗೇ ಬಂತು, ನೆಲಕ್ಕೆ ಬಿತ್ತು. ನೋರಾ ತಲೆ ತಗ್ಗಿಸಲಿಲ್ಲ. ಸರ್ವಿಸ್ ತಮ್ಮ ಕೈಗೆ ಬಂದಾಗ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ, ಎದುರು ನೋಡಿದರು. ತಮ್ಮ ಹಳೆಯ ಜಾಗದಲ್ಲಿ ನಿಂತಿದ್ದ ಹುಡುಗಿಯ ಭಾರ ಹಿಮ್ಮಡಿಯ ಮೇಲಿತ್ತು. ಚೆಂಡು ಅವಳ ಮುಂದೆ ಬಿತ್ತು. ಅವಳು ಹಾರಿದಳು, ಸಿಗಲಿಲ್ಲ.

ಕೋರ್ಟಿನ ಪಕ್ಕದ ಕುರ್ಚಿಯಲ್ಲಿ, ಕಿತ್ತಳೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಆಸ್ವಾಲ್ಡ್ ಕೂತಿದ್ದರು. ಚೀಲ ಕೆಳಗಿಟ್ಟು ಎದ್ದು, ಮುಂದೆ ಬಂದು ನಿಲ್ಲುವಂತೆ ಹುಡುಗಿಗೆ ಹೇಳಿದರು. ಅವಳು ಮುಂದೆ ಬಂದಳು. ನೋರಾ ಮುಂದಿನ ಚೆಂಡನ್ನು ಅವಳ ಹಿಂದೆ ಹಾಕಿದರು.