ಮಾಸಿಬಿಯಾ ಹಾಕಿದ ಹದಿನಾಲ್ಕು ಗಂಟು

ಉಮ್ಲಾಝಿಯ ನಮ್ಮ ಬೀದಿಯಲ್ಲಿ ತಪ್ಪೇ ಮಾಡದ ಒಬ್ಬರಿದ್ದರು. ಹಾಗೆಂದು ಅವರೇ ಹೇಳುತ್ತಿದ್ದರು. ಮೂವತ್ತು ವರ್ಷ ಪಕ್ಕದ ಡರ್ಬನ್ ನಗರದ ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆದು ಬಂದ ಮಾಸಿಬಿಯಾ ಅವರು, ಆಮೇಲೆ ಬೀದಿಯ ಹೆಣ್ಣುಮಕ್ಕಳ ತಲೆಗಳನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಶನಿವಾರ ಮಧ್ಯಾಹ್ನ ಅವರ ಮೊಣಕಾಲುಗಳ ನಡುವೆ ಹುಲ್ಲುಚಾಪೆಯ ಮೇಲೆ ಕೂತ ತಲೆಗೆ ಅಲ್ಲಾಡುವ ಸ್ವಾತಂತ್ರ್ಯವಿರಲಿಲ್ಲ. ಬಾಚಣಿಗೆಯ ಬಾಲದಿಂದ ಕೂದಲನ್ನು ಚೌಕ ಚೌಕವಾಗಿ ಬೇರ್ಪಡಿಸಿ, ಒಂದೊಂದನ್ನೂ ಬುಡದಿಂದ ಹುರಿಮಾಡಿ, ಆ ಹುರಿಯನ್ನು ಅದರ ಸುತ್ತಲೇ ಸುತ್ತಿ, ತುದಿಯನ್ನು ಅಡಿಗೆ ಸಿಕ್ಕಿಸಿದರೆ ಒಂದು ಗಂಟು. ಗಂಟು ಮುಗಿಯುವಷ್ಟರಲ್ಲಿ ಬೀದಿಯ ಒಂದು ಮನೆಯ ವಿಚಾರಣೆಯೂ ಮುಗಿದಿರುತ್ತಿತ್ತು. ಬಾಚಣಿಗೆಗೆ ಬಂದ ಕೂದಲನ್ನು ಮಾತ್ರ ಹುಡುಗಿಯ ಕೈಗೇ ಕೊಟ್ಟು ಒಲೆಗೆ ಹಾಕಿಸುತ್ತಿದ್ದರು. ಯಾರಾದರೂ ಅದಕ್ಕೆ ಮಾಟ ಮಾಡಿಸಿದರೆ ಅಪವಾದ ತಮಗೇಕೆ? ನಾಲಿಗೆಯ ವಿಷಯದಲ್ಲಿ ಇಷ್ಟು ಎಚ್ಚರ ಅವರಿಗೆ ಎಂದೂ ಬೇಕೆನಿಸಲಿಲ್ಲ.

ಅವರ ಮೊಮ್ಮಗಳು ಜಿಬುಯಿಲೆ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ತಾಯಿಯಿಲ್ಲದ ಮಗು. ನರ್ಸ್ ತರಬೇತಿಯಲ್ಲಿ ಒಂದು ಹಂತ ಮುಗಿಸಿದ್ದಳು. ಭಾನುವಾರ ಹತ್ತು ಗಂಟೆಗೆ ಬಿಳಿ ಟೋಪಿ ತೊಡಿಸುವ ಸಮಾರಂಭ. ಕೂದಲು ತಲೆಗೆ ಒರಗಿ ಮಲಗಿರಬೇಕು, ತಲೆಯಲ್ಲಿ ಗಂಟು ಕಂಡರೆ ಟೋಪಿ ಮುಂದಿನ ವರ್ಷಕ್ಕೆ ಎಂದು ಆಸ್ಪತ್ರೆಯ ಮೇಟ್ರನ್ ಸಾರಿದ್ದರು. ಆದ್ದರಿಂದ ಶನಿವಾರ ಗಂಟು ಹಾಕಿ, ಬೆಳಿಗ್ಗೆ ಬಿಚ್ಚಿದರೆ ಕೂದಲು ಮೆತ್ತಗೆ ಸುರುಳಿಯಾಗಿ ಟೋಪಿಯಡಿ ಕೂರುತ್ತದೆ ಎಂಬುದು ಯೋಜನೆ. ಷರತ್ತು ಒಂದೇ: ಗಂಟು ಪೂರ್ತಿ ಒಣಗಿರಬೇಕು.

ಆ ಶನಿವಾರ ಬೆಳಗಿನಿಂದಲೂ ಮಳೆ ಹನಿಯುತ್ತಿತ್ತು. ಗಂಟು ಹಾಕುವಾಗ ನಾನೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

“ಗೋಗೊ, ನೀರು ಕಮ್ಮಿ ಹಾಕಿ. ಬೆಳಿಗ್ಗೆ ಹೊತ್ತಿಗೆ ಒಣಗ್ಬೇಕು,” ಎಂದಳು ಜಿಬುಯಿಲೆ ಅಜ್ಜಿಗೆ.

“ನಿಮ್ಮಮ್ಮನ ತಲೆ ಪಳಗಿಸಿದ ಕೈ ಇದು. ನೀನು ನಂಗೆ ನೀರು ಅಳೆದು ಕೊಡ್ತೀಯಾ?”

“ಹೊರಗೆ ಮಳೆ ಇದೆ, ಗೋಗೊ.”

“ಮಳೆ ಹೊರಗಿದೆ, ನಿನ್ನ ತಲೆ ಒಳಗಿದೆ. ಬಗ್ಗು.”

ಹೀಗೆಂದು ಇನ್ನೊಂದು ಲೋಟ ನೀರು ಚಿಮುಕಿಸಿ, ಅದರ ಮೇಲೆ ಅರ್ಧ ಡಬ್ಬಿ ವ್ಯಾಸಲೀನು ಸವರಿದರು. ಎಣ್ಣೆಯಂಶದ ಕೆಳಗೆ ನೀರನ್ನು ಬಂಧಿಸಿಟ್ಟರೆ ಅದು ಎಲ್ಲಿಗೆ ಹೋಗಬೇಕು ಎಂಬುದನ್ನು ಅವರು ಯೋಚಿಸಲಿಲ್ಲ.

“ಟೀಚರ್, ನೀವಾದ್ರೂ ಹೇಳಿ,” ಎಂದಳು ಹುಡುಗಿ.

ಒಂದು ತರಗತಿಯಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಿರಿಸಿದವಳು ನಾನು. ಚಹಾ ಬಹಳ ಚೆನ್ನಾಗಿದೆ ಎಂದೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಹದಿನಾಲ್ಕು ಗಂಟುಗಳೂ ನೆನೆಸಿಟ್ಟ ಅವರೆಕಾಳಿನಂತಿದ್ದವು. ಮಾಸಿಬಿಯಾ ಒಂದನ್ನು ಒತ್ತಿ ನೋಡಿ, “ಒಣಗಿದೆ. ಇದು ಬರೀ ತಂಪು,” ಎಂದು ತೀರ್ಪಿತ್ತರು. ಮೊದಲ ಗಂಟು ಬಿಚ್ಚಿದಾಗ ಸುರುಳಿ ಬರಲಿಲ್ಲ. ಕೂದಲು ಗಾಬರಿಯಾದಂತೆ ಬುಡಕ್ಕೆ ಮುದುರಿಕೊಂಡಿತು. ಉಳಿದ ಹದಿಮೂರೂ ಅದನ್ನೇ ಅನುಸರಿಸಿದವು. ಬಾಚಲು ಹೋದರೆ ಬಾಚಣಿಗೆಯೇ ಒಳಗೆ ಉಳಿಯಿತು. ಮತ್ತೆ ಗಂಟು ಹಾಕುವಂತಿಲ್ಲ, ಒಣಗಿಸಲು ಹೊತ್ತಿಲ್ಲ. ಜಿಬುಯಿಲೆ ಅಳಲಿಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು ನಮ್ಮಿಬ್ಬರೊಡನೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಜ್ಜಿ ಬಸ್ಸಿನ ಚಾಲಕನ ತಪ್ಪುಗಳನ್ನು ಎತ್ತಿ ತೋರಿಸಿದರು.

ಸಭಾಂಗಣದಲ್ಲಿ ಸರದಿ ಬಂದಾಗ ಹುಡುಗಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಮೇಟ್ರನ್ ಬಹಳ ಹೊತ್ತು ನೋಡಿದರು.

“ಏನಿದು?”

“ಕೂದಲು, ಮೇಟ್ರನ್.”

“ಮಲಗಿರ್ಬೇಕು ಅಂದಿದ್ದೆ.”

“ಹೇಳ್ದೆ, ಮೇಟ್ರನ್. ಅದು ಕೇಳ್ಲಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಟ್ರನ್ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಂಟು ಹುಡುಕಿದರು. ಗಂಟಿರಲಿಲ್ಲ. ಇಂಥ ತಲೆಗೆ ಅವರ ನಿಯಮದಲ್ಲಿ ಶಿಕ್ಷೆಯೂ ಇರಲಿಲ್ಲ. ಟೋಪಿ ಇಟ್ಟರು, ಅದು ಮೇಲಕ್ಕೆ ನೆಗೆಯಿತು. ಮತ್ತೆ ಇಟ್ಟರು; ಮತ್ತೆ ನೆಗೆಯಿತು. ಜಿಬುಯಿಲೆಯ ಗಲ್ಲ ಆಗ ನಡುಗಿತು. ಅದನ್ನು ಕಂಡ ಮೇಟ್ರನ್ ನಿಟ್ಟುಸಿರಿಟ್ಟು, ಪಿನ್ನಿನ ಪೆಟ್ಟಿಗೆ ತರಿಸಿ, ಕನ್ನಡಕ ಸರಿಪಡಿಸಿಕೊಂಡು ಕೆಲಸಕ್ಕಿಳಿದರು. ಟೋಪಿ ನಿಂತಿತು.

ನನ್ನ ಪಕ್ಕದಲ್ಲಿ ಮಾಸಿಬಿಯಾ ಕಣ್ಣೊರೆಸಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದರು: “ನೋಡಿದ್ರಾ ಟೀಚರ್, ಬೇರೆ ಹುಡ್ಗೀರಿಗೆ ಎರಡೆರಡೇ ಪಿನ್ನು. ನನ್ನ ಮೊಮ್ಮಗಳಿಗೆ ಮೇಟ್ರನ್ ಹತ್ತೊಂಬತ್ತು ಹಾಕಿದ್ರು.”